ಮೂರು ಬೀಗದ ಮಾಮ

ಟಿಟ್ವಾಳಾದಿಂದ ಮಾಮನ ಕೆಳಮನೆಯವರ ಫೋನ್ ಬಂದದ್ದು ಕಳೆದ ತಿಂಗಳು, ನಾನು ಕೆಲಸ ಮುಗಿಸಿ ವಾಶಿಯಿಂದ ಕೋಪರಖೈರಣೆಗೆ ಬರುವ ರೈಲಿನಲ್ಲಿ ನಿಂತಿದ್ದಾಗ. ಹಾಲಿನ ಪ್ಯಾಕೆಟ್ಟು ಎರಡು ದಿನ ಹೊಸ್ತಿಲಲ್ಲೇ ಬಿದ್ದಿತ್ತಂತೆ. ಬಾಗಿಲು ಒಡೆಯಲು ಮುಕ್ಕಾಲು ಗಂಟೆ ಹಿಡಿಯಿತಂತೆ, ಏಕೆಂದರೆ ಒಳಗಿನಿಂದ ಮೂರು ಬೀಗ, ಒಂದು ಚಿಲಕ, ಚಿಲಕಕ್ಕೆ ಅಡ್ಡವಾಗಿ ಒಂದು ಕಬ್ಬಿಣದ ಪಟ್ಟಿ. ನಿದ್ದೆಯಲ್ಲೇ ಹೋಗಿದ್ದರು. "ಕಳ್ಳರು ಬಿಡಿ, ನಮಗೇ ಒಳಗೆ ಹೋಗ್ಲಿಕ್ಕೆ ಆಗ್ಲಿಲ್ಲ ನೋಡಿ" ಎಂದರು ಫೋನಿನಲ್ಲಿದ್ದವರು. ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಪಕ್ಕದಲ್ಲಿ ನಿಂತಿದ್ದವಳು ಒಂದು ಹೆಜ್ಜೆ ದೂರ ಸರಿದಳು.

ಡೊಂಬಿವಿಲಿ ಪೂರ್ವದ ನಮ್ಮ ಹಳೆಯ ಬಿಲ್ಡಿಂಗಿನಲ್ಲಿ ಅವರದು ಎದುರು ಬಾಗಿಲು. ನಾನು ಮಾಮ ಎನ್ನುತ್ತಿದ್ದೆ, ಅಮ್ಮ ಅಣ್ಣ ಎನ್ನುತ್ತಿದ್ದಳು. ರಕ್ತಸಂಬಂಧವೇನಿಲ್ಲ, ಇಬ್ಬರ ಊರೂ ಉಡುಪಿಯ ಆಸುಪಾಸು, ಅಷ್ಟೆ. ಹದಿನಾರನೆಯ ವಯಸ್ಸಿನಲ್ಲಿ ಹೋಟೆಲಿನ ಟೇಬಲ್ ಒರೆಸಲು ಬಂದವರು ರಾತ್ರಿಶಾಲೆಯಲ್ಲಿ ಕಲಿತು, ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನ ಒಂದು ಗೋದಾಮಿನಲ್ಲಿ ಸ್ಟೋರ್‌ಕೀಪರ್ ಆಗಿದ್ದರು. ಮದುವೆಯಾಗಿರಲಿಲ್ಲ. ಯಾಕೆ ಎಂದು ಅಮ್ಮ ಒಮ್ಮೆ ಕೇಳಿದ್ದಕ್ಕೆ "ಹೆದರಿಕೆ ಆಯ್ತು ಅಕ್ಕ" ಎಂದಿದ್ದರು. ತಮಾಷೆಗೆ ಹೇಳಿದ್ದಲ್ಲ.

ಅವರಷ್ಟು ಹೆದರುವ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಬೆಳಿಗ್ಗೆ ಮನೆಗೆ ಬೀಗ ಹಾಕಿ, ಎಳೆದು ನೋಡಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದು ಎಳೆದು ನೋಡುತ್ತಿದ್ದರು. ಕೆಲವು ದಿನ ಸ್ಟೇಷನ್ನಿನಿಂದ ವಾಪಸು ಬಂದು ಗ್ಯಾಸ್ ಆರಿದೆಯೇ ಎಂದು ಗುಬ್ಬಿ ಮುಟ್ಟಿ ನೋಡಿ ಹೋದದ್ದೂ ಉಂಟು. ದಿವಾದಲ್ಲಿ ಇಳಿದು ಪನ್ವೇಲ್ ಗಾಡಿ ಹಿಡಿಯಬೇಕಾದ ಮನುಷ್ಯ ಡೊಂಬಿವಿಲಿಯಲ್ಲೇ ಮೂರು ಲೋಕಲ್ ಬಿಟ್ಟು ನಾಲ್ಕನೆಯದನ್ನು ಹತ್ತುತ್ತಿದ್ದರು. ಅದಕ್ಕಾಗಿ ಎಲ್ಲರಿಗಿಂತ ಒಂದು ಗಂಟೆ ಮೊದಲೇ ಹೊರಡುತ್ತಿದ್ದರು. ಬಾಗಿಲಲ್ಲಿ ನೇತಾಡುವವರನ್ನು ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಬಿಲ್ಡಿಂಗಿನ ಪಿಲ್ಲರಿನಲ್ಲಿ ಒಂದು ಬಿರುಕು ಬಿಟ್ಟಿತ್ತು. ಪ್ರತಿ ಭಾನುವಾರ ಅದರ ಪಕ್ಕ ಪೆನ್ಸಿಲಿನಲ್ಲಿ ಗೆರೆ ಎಳೆದು, ಬೆಳೆಯಿತೇ ಎಂದು ಅಳೆಯುತ್ತಿದ್ದರು.

ಧೈರ್ಯಂ ಸರ್ವತ್ರ ಸಾಧನಂ ಎಂದು ನಮ್ಮ ಕನ್ನಡ ಶಾಲೆಯ ಗೋಡೆಯಲ್ಲಿ ಓದಿ ಬೆಳೆದ ನಾನು ಅವರನ್ನು ಕೀಟಲೆ ಮಾಡದೆ ಬಿಡುತ್ತಿರಲಿಲ್ಲ. ಅವರಿಗೆ ಬೇಸರವಿಲ್ಲ. "ಹೆದರಿಕೆ ಅಂದ್ರೆ ಜೀವದ ವಾಚ್‌ಮನ್ ಮಗಾ" ಎನ್ನುತ್ತಿದ್ದರು. "ಸಂಬಳ ಕೇಳೂದಿಲ್ಲ, ನಿದ್ದೆ ಮಾಡೂದಿಲ್ಲ. ಅವನನ್ನು ಯಾಕೆ ಕೆಲಸದಿಂದ ತೆಗೀಬೇಕು?"

ಇಂಥವರ ಮನೆಯಲ್ಲಿ ಕಂಪ್ಯೂಟರು ಇತ್ತೆಂದರೆ ಆಶ್ಚರ್ಯವೇ. ಗೋದಾಮಿನವರು ಹೊಸದು ತಂದಾಗ ಹಳೆಯದನ್ನು ಇವರಿಗೆ ಕೊಟ್ಟಿದ್ದರು. ಅದಕ್ಕೊಂದು ಬಟ್ಟೆಯ ಅಂಗಿ ಹೊಲಿಸಿ, ಮೌಸಿಗೂ ಟೊಪ್ಪಿಗೆ ಮಾಡಿಸಿದ್ದರು. ಹಾಡಿನ ಹುಚ್ಚು ಅವರಿಗೆ. ನಮ್ಮ ಭಜನಾ ಮಂಡಳಿಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು, ಯಾರಿಗೂ ತೊಂದರೆಯಾಗದಷ್ಟು ಮೆಲ್ಲಗೆ ತಾಳ ತಟ್ಟುತ್ತಿದ್ದರು. ಆಗ ಸ್ಟೇಷನ್ನಿನ ಹೊರಗೆ ಪ್ಲಾಸ್ಟಿಕ್ ಹಾಸಿ ನಕಲಿ ಸಿಡಿ ಮಾರುವ ಕಾಲ. ಒಂದು ಸಿಡಿಯಲ್ಲಿ ನೂರೈವತ್ತು ಹಾಡು. ಇಡೀ ಬಿಲ್ಡಿಂಗೇ ಅದನ್ನು ಕೊಳ್ಳುತ್ತಿತ್ತು. ಇವರು ಆ ಪ್ಲಾಸ್ಟಿಕ್ಕನ್ನು ದಾಟುವಾಗ ಎದುರಿನ ಫುಟ್‌ಪಾತಿಗೆ ಹೋಗುತ್ತಿದ್ದರು. ಪೋಲೀಸರು ಬಂದರೆ ಕೊಂಡವರನ್ನೂ ಹಿಡಿಯುತ್ತಾರೆ ಎಂಬ ನಂಬಿಕೆ. ಹಾಗಾಗಿ ಇಂಟರ್‌ನೆಟ್ಟಿನ ಒಂದು ಹಾಡಿನ ಅಂಗಡಿಯಲ್ಲಿ, ಕಾರ್ಡಿನಿಂದ ಹಣ ಕೊಟ್ಟು, ಒಂದೊಂದೇ ಹಾಡು ಕೊಳ್ಳುತ್ತಿದ್ದರು. ನಾನು ಕಂಡಂತೆ ಡೊಂಬಿವಿಲಿಯಲ್ಲಿ ಹಾಗೆ ಮಾಡುತ್ತಿದ್ದವರು ಅವರೊಬ್ಬರೇ.

ಆ ಅಂಗಡಿಯಲ್ಲೇ ನಮ್ಮ ಮಂಡಳಿಯ ಎಂಟು ಭಜನೆಗಳೂ ಇದ್ದವು. ಠಾಣೆಯ ಒಂದು ಪುಟ್ಟ ಸ್ಟುಡಿಯೋದಲ್ಲಿ ಹೆಂಗಸರೆಲ್ಲ ಸೇರಿ ಹಾಡಿದ್ದು. ಕ್ಯಾಸೆಟ್ಟಿನ ಕಾಲ ಮುಗಿಯಿತು, ಇಂಟರ್‌ನೆಟ್ಟಿಗೆ ಹಾಕುತ್ತೇನೆ, ಇಡೀ ಜಗತ್ತು ಕೇಳುತ್ತದೆ ಎಂದಿದ್ದ ಸ್ಟುಡಿಯೋದವನು. ಜಗತ್ತು ಕೇಳಿತೋ ಇಲ್ಲವೋ, ಕೊಂಡದ್ದು ಮಾಮ. ಏಳು ಹಾಡಿನಲ್ಲಿ ಹೆಂಗಸರೆಲ್ಲರ ಸ್ವರದ ನಡುವೆ ಅಮ್ಮನದೂ ಒಂದು. ಎಂಟನೆಯದು ಮಂಗಳ. ಭಜನೆಯ ಕೊನೆಗೆ ಎಲ್ಲರೂ ಎದ್ದು ನಿಂತು ಒಟ್ಟಿಗೆ ಹಾಡುವಂಥದ್ದು. ಅವತ್ತು ಸ್ಟುಡಿಯೋದಲ್ಲಿ ಹೊತ್ತಾಗಿ, ಉಳಿದ ಹೆಂಗಸರು ಅಡುಗೆಯ ಚಿಂತೆಯಲ್ಲಿ ಲೋಕಲ್ ಹಿಡಿಯಲು ಓಡಿದ್ದರಿಂದ, ಮಂಗಳವನ್ನು ಅಮ್ಮ ಒಬ್ಬಳೇ ಹಾಡಿದ್ದಳು. ಅದು ಅವಳಿಗೆ ಸ್ವಲ್ಪ ಹೆಮ್ಮೆ, ಸ್ವಲ್ಪ ಬೇಸರ.

ಎರಡು ವರ್ಷದ ಮೇಲೆ ಅಮ್ಮನ ಗಂಟಲಿನಲ್ಲಿ ಗಡ್ಡೆ ಕಾಣಿಸಿತು. ಸ್ವರಪೆಟ್ಟಿಗೆ ತೆಗೆದರೆ ಜೀವ ಉಳಿಯುತ್ತದೆ ಎಂದರು ಡಾಕ್ಟರು. ಅಪ್ಪ ಆಗಲೇ ಇರಲಿಲ್ಲ. ಕಾಗದಕ್ಕೆ ಸಹಿ ಹಾಕಿದವಳು ನಾನು. ಆಸ್ಪತ್ರೆಯ ಬೆಂಚಿನಲ್ಲಿ ಕುಳಿತ ಆ ಐದು ಗಂಟೆಗಳಲ್ಲಿ ನನಗೆ ಹುಟ್ಟಿದ ಹೆದರಿಕೆ ಮನೆಗೆ ಬಂದ ಮೇಲೂ ಇಳಿಯಲಿಲ್ಲ. ಮಾಮ ನನ್ನ ಪಕ್ಕದಲ್ಲೇ ಕುಳಿತಿದ್ದರು. ಆಸ್ಪತ್ರೆಯ ವಾಸನೆಗೇ ಬೆವರುವವರು ಅವತ್ತು ಅಲ್ಲಿಂದ ಏಳಲಿಲ್ಲ.

ಅಮ್ಮ ಬದುಕಿದಳು. ಗೆರೆ ಎಳೆದ ನೋಟ್‌ಬುಕ್ಕಿನಲ್ಲಿ ಬರೆದು ಮಾತಾಡಲು ಕಲಿತಳು. ಮೊದಲು ಚಾ, ಉಪ್ಪು, ಔಷಧ. ಒಂದು ಸಂಜೆ ನೋಟ್‌ಬುಕ್ಕನ್ನು ನನ್ನ ಕಡೆ ತಿರುಗಿಸಿದಳು. "ನನ್ನ ಸ್ವರ ಹೇಗಿತ್ತು ಅಂತ ಮರೆಯುತ್ತಾ ಇದೆ. ಕೇಳಬೇಕು" ಎಂದು ಬರೆದಿತ್ತು. ಓದಿ ನಾನು ಹೆದರಿದೆ. ಯಾಕೆಂದರೆ ನನಗೂ ಮರೆಯಲು ಶುರುವಾಗಿತ್ತು.

ಮಾರನೆಯ ದಿನವೇ ಬೆರಳುದ್ದದ ಒಂದು ಎಂಪಿತ್ರೀ ಪ್ಲೇಯರ್ ಕೊಂಡು ತಂದೆ. ಮಾಮನ ಕಂಪ್ಯೂಟರಿನಿಂದ ಹಾಡುಗಳನ್ನು ಅದಕ್ಕೆ ಹಾಕಿದರೆ ಒಂದೂ ಹಾಡಲಿಲ್ಲ. ಅಂಗಡಿಯವರು ಹಾಡನ್ನು ಬೀಗ ಹಾಕಿಯೇ ಮಾರಿದ್ದರು. ಅದು ಬೇರೆ ಜಾತಿಯ ಫೈಲು, ಕೊಂಡ ಕಂಪ್ಯೂಟರಿನಲ್ಲಿ ಮಾತ್ರ ಹಾಡುತ್ತದೆ. ಅದನ್ನು ಎಂಪಿತ್ರೀ ಮಾಡಲು ಅವರು ಬಿಟ್ಟ ದಾರಿ ಒಂದೇ. ಹಾಡನ್ನು ಸಿಡಿಗೆ ಬರೆಯಬೇಕು, ಆ ಸಿಡಿಯಿಂದ ಮತ್ತೆ ಕಂಪ್ಯೂಟರಿಗೆ ಎಂಪಿತ್ರೀಯಾಗಿ ಇಳಿಸಬೇಕು. ಸಿಡಿಗೆ ಬರೆಯಲು ಒಂದು ಹಾಡಿಗೆ ಮೂರೇ ಸಲ ಅನುಮತಿ. ಮೊದಲನೆಯ ಸಲದ್ದನ್ನು ಮಾಮ ಮಂಡಳಿಗೆ ಕೊಟ್ಟಿದ್ದರು, ಅಲ್ಲಿ ಅದು ಗೀರು ಬಿದ್ದು ಹಾಳಾಗಿತ್ತು. ಎರಡನೆಯ ಸಲ ಸಿಡಿಯೇ ಕೆಟ್ಟದಿತ್ತು. ಉಳಿದದ್ದು ಒಂದು.

ಅಷ್ಟರಲ್ಲಿ ಅಂಗಡಿಯಿಂದ ಮೇಲ್ ಬಂತು. ಮಾರಾಟ ಈಗಾಗಲೇ ನಿಂತಿದೆ, ಮಾರ್ಚ್ ಕೊನೆಗೆ ಬಾಗಿಲು ಹಾಕುತ್ತಿದ್ದೇವೆ, ಆಮೇಲೆ ಈ ಹಾಡುಗಳನ್ನು ಬೇರೆ ಕಂಪ್ಯೂಟರಿಗೆ ಸಾಗಿಸಲು ಆಗುವುದಿಲ್ಲ ಎಂದು. ಮಾಮನ ಕಂಪ್ಯೂಟರಿನ ಹೊಟ್ಟೆಯಿಂದಲೋ ಆಗಲೇ ಟಕ್ ಟಕ್ ಎಂಬ ಸದ್ದು ಬರುತ್ತಿತ್ತು. ಠಾಣೆಗೆ ಓಡಿದೆ. ಸ್ಟುಡಿಯೋ ಇದ್ದಲ್ಲಿ ಸೀರೆಯ ಅಂಗಡಿ. ಸ್ಟುಡಿಯೋದವನು ಎಲ್ಲವನ್ನೂ ಅಳಿಸಿ ಸಾಮಾನು ಮಾರಿ ಹೋಗಿದ್ದನಂತೆ. ಅಂದರೆ ಅಮ್ಮನ ಸ್ವರ ಈ ಲೋಕದಲ್ಲಿ ಉಳಿದಿದ್ದುದು ಆ ಟಕ್ ಟಕ್ ಎನ್ನುವ ಡಬ್ಬದೊಳಗೆ ಮಾತ್ರ. ಅದು ನಿಂತರೆ ಇದೂ ಇಲ್ಲ. ನನಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಸ್ಟೇಷನ್ನಿನ ಸಿಡಿಯವನು ಬೀಗ ಒಡೆಯುವ ಸಾಫ್ಟ್‌ವೇರ್ ಇದೆ ಎಂದ. ಅದನ್ನೂ ಕೊಂಡು ತಂದೆ. ಮಾಮ ಅದನ್ನು ಮುಟ್ಟಲಿಲ್ಲ.

"ಬೇಡ ಮಗಾ. ಅದರಲ್ಲಿ ವೈರಸ್ ಇದ್ರೆ? ಇದ್ದದ್ದೂ ಹೋಗ್ತದೆ. ಮತ್ತೆ ಬೀಗ ಒಡೆಯೂದು ಅಂದ್ರೆ ಕಾನೂನು ಉಂಟಲ್ವಾ? ನಾನು ಪೂರಾ ಓದಿದ್ದೇನೆ." ಅಂಗಡಿಯ ಷರತ್ತುಗಳನ್ನೆಲ್ಲ ಪ್ರಿಂಟ್ ತೆಗೆಸಿ, ಕೆಂಪು ಗೆರೆ ಎಳೆದು ಇಟ್ಟಿದ್ದರು. ಯಾರಾದರೂ ಅದನ್ನು ಓದುತ್ತಾರೆ ಎಂದು ಬರೆದವರಿಗೂ ಅನ್ನಿಸಿರಲಿಕ್ಕಿಲ್ಲ.

"ಮಾಮ, ನಮ್ಮ ಮನೆಗೆ ಯಾವ ಪೋಲೀಸ್ ಬರ್ತಾನೆ? ಎಂಟು ಭಜನೆಗೆ?"

"ಅವರು ಬರೂದಿಲ್ಲ. ಆದ್ರೆ ನನಗೆ ಬಂದ ಹಾಗೆ ಆಗ್ತದೆ. ಒಂದು ಸಲ ಉಂಟಲ್ಲ, ಅದನ್ನೇ ಸರಿಯಾಗಿ ಮಾಡುವಾ."

ಮಾರ್ಚಿನ ಕೊನೆಯ ಭಾನುವಾರ ಎಂದು ನಿಶ್ಚಯವಾಯಿತು. ಆ ವರ್ಷಗಳಲ್ಲಿ ಡೊಂಬಿವಿಲಿಯಲ್ಲಿ ಲೋಡ್‌ಶೆಡ್ಡಿಂಗ್ ಎಷ್ಟಿತ್ತೆಂದರೆ ಜನ ಕರೆಂಟಿನ ವೇಳಾಪಟ್ಟಿ ನೋಡಿಕೊಂಡೇ ಅಕ್ಕಿ ನೆನೆಹಾಕುತ್ತಿದ್ದರು. ಭಾನುವಾರ ಮೂರೂವರೆಗೆ ಹೋಗಿ ಆರಕ್ಕೆ ಬರಬೇಕು. ಸರಿಯಾಗಿ ಆರಕ್ಕೆ ಬಂತು. ನಾನು ಕುರ್ಚಿ ಎಳೆದುಕೊಂಡೆ. ಮಾಮ ಎದ್ದು ನಿಂತು ಉಡುಪಿಯ ಪಂಚಾಂಗ ತೆಗೆದರು.

"ರಾಹುಕಾಲ ಉಂಟು."

"ಭಾನುವಾರ ನಾಲ್ಕೂವರೆಯಿಂದ ಆರು. ಮುಗಿಯಿತಲ್ಲ ಮಾಮ?"

"ಅದು ಬಾಯಿಲೆಕ್ಕ ಮಗಾ. ಸರಿಯಾದ್ದು ಸೂರ್ಯ ಮುಳುಗುವ ತನಕ. ಊರಿಗಿಂತ ಇಲ್ಲಿ ಹದಿಮೂರು ನಿಮಿಷ ತಡ. ಆರು ಐವತ್ತು. ಹತ್ತು ನಿಮಿಷ ಹೆಚ್ಚಿಗೆ ಬಿಡುವಾ, ಏಳಕ್ಕೆ ಶುರು."

ಒಂದು ಗಂಟೆ ನಾವಿಬ್ಬರೂ ಉರಿಯುತ್ತಿರುವ ಬಲ್ಬನ್ನು ನೋಡುತ್ತ ಕುಳಿತೆವು. ಅಮ್ಮ ನಮ್ಮ ಮನೆಯಲ್ಲಿ ದೇವರ ದೀಪದ ಮುಂದೆ ಕುಳಿತಿದ್ದಳು. ಏಳಕ್ಕೆ ಸಿಡಿ ಒಳಗೆ ಹೋಯಿತು. ಬರೆಯುವ ವೇಗವನ್ನು ಮಾಮ ಎಲ್ಲಕ್ಕಿಂತ ಕಡಿಮೆಗೆ ಇಳಿಸಿದರು. ನಿಧಾನ ಬರೆದರೆ ತಪ್ಪಾಗುವುದಿಲ್ಲವಂತೆ. ನನಗೆ ಒಂದು ಯೋಚನೆ ಬಂತು.

"ಮಾಮ, ಎಂಟನೆಯದನ್ನು ಮೊದಲು ಹಾಕಿ. ಅದೊಂದು ಬಂದ್ರೆ ಸಾಕು."

ಅವರು ಮೌಸಿನಿಂದ ಕೈ ತೆಗೆದರು. "ಮಂಗಳವನ್ನು ಮೊದಲು ಹಾಡೂದಾ? ಮಂಗಳ ಹಾಡಿದ್ರೆ ಮುಗೀತು ಅಂತ ಅರ್ಥ. ಅಕ್ಕ ಈಗಷ್ಟೇ ಎದ್ದು ಕೂತಿದ್ದಾರೆ. ಬೇಡ, ಬೇಡ."

ನಾನೂ ಒತ್ತಾಯಿಸಲಿಲ್ಲ. ಸುಳ್ಳು ಯಾಕೆ ಹೇಳಲಿ, ಆ ಮಾತು ಕೇಳಿ ನನಗೂ ಹೆದರಿಕೆಯಾಯಿತು. ಮಂಗಳ ಅದರ ಜಾಗದಲ್ಲೇ, ಕೊನೆಯಲ್ಲೇ ಉಳಿಯಿತು.

ಒಂದು, ಎರಡು, ಮೂರು. ಮಾಮ ಪ್ರತಿ ಹಾಡಿಗೂ ಬೆರಳು ಮಡಚುತ್ತಿದ್ದರು. ಏಳನೆಯದು ಅರ್ಧಕ್ಕೆ ಬಂದಾಗ ಫ್ಯಾನು ನಿಂತಿತು, ಬಲ್ಬು ಆರಿತು. ಪಟ್ಟಿಯಲ್ಲಿಲ್ಲದ ಕಟ್. ಯುಪಿಎಸ್ ಬೀಪ್ ಬೀಪ್ ಎಂದು ಕೂಗತೊಡಗಿತು. ಅದರ ಬ್ಯಾಟರಿ ಮೂರು ನಿಮಿಷಕ್ಕೆ ಮೀರಿ ತಡೆಯುತ್ತಿರಲಿಲ್ಲ. ಕತ್ತಲಲ್ಲಿ ಪರದೆ ಮಾತ್ರ ಹೊಳೆಯುತ್ತಿತ್ತು. ಮಾಮ ಎರಡೂ ಕೈಯಿಂದ ಕಂಪ್ಯೂಟರನ್ನು ಹಿಡಿದುಕೊಂಡರು, ಜ್ವರ ಬಂದ ಮಗುವನ್ನು ಹಿಡಿದ ಹಾಗೆ. ಏಳನೆಯದು ಮುಗಿಯಿತು. ಎಂಟನೆಯದರ ಹಸಿರು ಪಟ್ಟಿ ಒಂದು ಕಡ್ಡಿಯಷ್ಟು ಬೆಳೆಯಿತು. ಬೀಪ್ ಉದ್ದವಾಯಿತು. ಎಲ್ಲವೂ ಆರಿತು.

ಆ ಕತ್ತಲಲ್ಲಿ ನಾನು ಆಡಿದ ಮಾತನ್ನು ಬರೆಯಲೇಬೇಕು. "ಆರು ಗಂಟೆಗೆ ಶುರು ಮಾಡಿದ್ದರೆ ಮುಗಿದಿರುತ್ತಿತ್ತು. ನಿಮ್ಮ ಹೆದರಿಕೆ ನಮ್ಮಮ್ಮನ ಸ್ವರ ನುಂಗಿತು ಮಾಮ." ಅವರು ಉಸಿರಾಡುತ್ತಿದ್ದದ್ದು ಮಾತ್ರ ಕೇಳುತ್ತಿತ್ತು.

ಮಾರನೆಯ ಬೆಳಿಗ್ಗೆ ನಮ್ಮ ಬಾಗಿಲಿನ ಹಿಡಿಕೆಗೆ ಒಂದು ಪ್ಲಾಸ್ಟಿಕ್ ಚೀಲ ನೇತಾಡುತ್ತಿತ್ತು. ಒಳಗೆ ಪೆನ್‌ಡ್ರೈವ್, ಅದರಲ್ಲಿ ಆ ಸಿಡಿಯಿಂದ ಇಳಿಸಿದ ಏಳು ಹಾಡು, ಎಂಪಿತ್ರೀಯಾಗಿ. ಜೊತೆಗೆ ಒಂದು ಚೀಟಿ: "ಪ್ಲೇಯರ್ ಎರಡು ದಿನ ನನ್ನ ಹತ್ತಿರ ಇರಲಿ." ಪ್ಲೇಯರನ್ನು ಭಾನುವಾರವೇ ಅವರ ಮನೆಯಲ್ಲಿ ಬಿಟ್ಟು ಬಂದಿದ್ದೆ. ಎದುರು ಬಾಗಿಲು ತಟ್ಟಿದರೆ ತೆರೆಯಲಿಲ್ಲ. ಸೋಮವಾರ ಕಾಣಲಿಲ್ಲ, ಮಂಗಳವಾರ ಬೆಳಿಗ್ಗೆಯೂ ಕಾಣಲಿಲ್ಲ. ಮಂಗಳವಾರ ಮಾರ್ಚಿನ ಕೊನೆಯ ದಿನ. ಮಧ್ಯಾಹ್ನ ಅಮ್ಮ ಬರೆದು ತೋರಿಸಿದಳು: "ಅಣ್ಣನಿಗೆ ಏನು ಹೇಳಿದೆ ನೀನು?" ನನಗೆ ಈಗ ಬೇರೆಯೇ ಹೆದರಿಕೆ. ಒಬ್ಬಂಟಿ ಮನುಷ್ಯ, ಮೂರು ಬೀಗ, ಒಳಗೆ ಏನಾಗಿದೆಯೋ ಯಾರಿಗೆ ಗೊತ್ತು. ವಾಚ್‌ಮನ್ನನನ್ನು ಕರೆಯಲು ಮೆಟ್ಟಿಲಿಳಿಯುತ್ತಿದ್ದೆ, ಹಿಂದಿನಿಂದ ಬೀಗಗಳು ಒಂದೊಂದಾಗಿ ತೆರೆಯುವ ಸದ್ದು ಕೇಳಿತು.

ಬನಿಯನ್ನು ಹಿಂಡಿದರೆ ನೀರು ಬೀಳುವಷ್ಟು ಬೆವರಿದ್ದರು. ಕೈಯಲ್ಲಿ ನಮ್ಮ ಪ್ಲೇಯರ್ ಇತ್ತು.

"ಬಂತು ಮಗಾ" ಎಂದರು. "ಎಂಟನೆಯದು ಬಂತು."

ಆ ಪ್ಲೇಯರಿನಲ್ಲಿ ಸಾಸಿವೆಯಷ್ಟು ತೂತಿನ ಒಂದು ಮೈಕು ಇತ್ತು, ಮಾತು ರೆಕಾರ್ಡ್ ಮಾಡಲು. ನನಗೆ ಅದರ ನೆನಪೇ ಇರಲಿಲ್ಲ. ಅರ್ಧಕ್ಕೆ ನಿಂತದ್ದೂ ಲೆಕ್ಕಕ್ಕೆ ಸೇರಿ ಸಿಡಿಗೆ ಬರೆಯುವ ಸರದಿ ಮುಗಿದಿದ್ದರೂ ಹಾಡು ಅವರ ಕಂಪ್ಯೂಟರಿನಲ್ಲಿ ಇನ್ನೂ ಕೇಳುತ್ತಿತ್ತು. ಸ್ಪೀಕರಿನ ಬಾಯಿಗೆ ಪ್ಲೇಯರ್ ಹಿಡಿದು ಗಾಳಿಯಿಂದಲೇ ಹಾಡು ಹಿಡಿಯಲು ಹೊರಟಿದ್ದರು. ವೈರು ಸಿಕ್ಕಿಸಿ ಕಂಪ್ಯೂಟರಿನೊಳಗೇ ಹಿಡಿಯಬಹುದಿತ್ತು, ಆದರೆ ಅದು ಬೀಗ ಒಡೆದ ಹಾಗೆ ಎಂದು ಅವರ ಲೆಕ್ಕ. "ಕಿವಿಗೆ ಬಿದ್ದದ್ದನ್ನು ಹಿಡೀಬಾರದು ಅಂತ ಎಲ್ಲಿಯೂ ಬರೀಲಿಲ್ಲ. ಎರಡು ಸಲ ಓದಿದೆ."

ಹದಿನೆಂಟು ವರ್ಷದ ನೌಕರಿಯಲ್ಲಿ ಮೊದಲ ಬಾರಿ, ಸುಳ್ಳು ಹೇಳಿ ಎರಡು ದಿನ ರಜೆ ಹಾಕಿದ್ದರು. ಕಿಟಕಿಗಳನ್ನೆಲ್ಲ ಮುಚ್ಚಿ, ಫ್ಯಾನು ಆರಿಸಿ, ತಮ್ಮನ್ನೂ ಸ್ಪೀಕರನ್ನೂ ಸೇರಿಸಿ ಹಾಸಿಗೆಯ ರಜಾಯಿ ಹೊದ್ದುಕೊಂಡು ಕೂತಿದ್ದರು. ಒಮ್ಮೆ ಕೆಳಮನೆಯ ಕುಕ್ಕರ್ ಕೂಗಿತು. ಒಮ್ಮೆ ಹಳೇ ಸಾಮಾನು ಕೊಳ್ಳುವ ಭಂಗಾರದವನು ಕೂಗಿದ. ಒಮ್ಮೆ ನಾನೇ ಬಾಗಿಲು ತಟ್ಟಿದೆನಂತೆ. ಒಮ್ಮೆ ಕಡೆಯ ಸಾಲಿನವರೆಗೂ ಚೆನ್ನಾಗಿ ಬಂದು ಅವರಿಗೇ ಸೀನು ಬಂತು. ಪ್ರತಿ ಸಲವೂ ಮೊದಲಿನಿಂದ. ಕರೆಂಟು ಯಾವಾಗ ಹೋಗುತ್ತದೋ, ಟಕ್ ಟಕ್ ಯಾವಾಗ ನಿಲ್ಲುತ್ತದೋ ಎಂದು ನಡುಗುತ್ತ ಹನ್ನೊಂದು ಸಲ.

ಅಮ್ಮನ ಎದುರು ಪ್ಲೇಯರ್ ಇಟ್ಟು ಗುಂಡಿ ಒತ್ತಿದರು. ಅಮ್ಮನ ಸ್ವರ ಬಂತು. ಸ್ವಲ್ಪ ದೂರದಿಂದ, ಪಕ್ಕದ ಕೋಣೆಯಿಂದ ಬಂದ ಹಾಗೆ, ಆದರೆ ಅವಳದೇ. ಅಮ್ಮ ಕಣ್ಣು ಮುಚ್ಚಿದಳು. ನನಗೆ ತಡೆಯಲಾಗಲಿಲ್ಲ, ಜೋರಾಗಿ ಅತ್ತುಬಿಟ್ಟೆ. ಎರಡನೆಯ ಸಲ ಹಾಕಿದಾಗಲೇ ಅದು ನಮಗೆ ಕೇಳಿಸಿದ್ದು. ಸ್ವರದ ಹಿಂದೆ, ಸಾಲು ಸಾಲಿನ ನಡುವೆ, ಯಾರೋ ಉಸಿರಾಡುತ್ತಿದ್ದರು. ಗಡಿಬಿಡಿಯ, ಹೆದರಿದ, ಬಿಗಿಹಿಡಿದು ಬಿಗಿಹಿಡಿದು ಬಿಡುವ ಉಸಿರು.

ಮಾಮ ಎದ್ದು ನಿಂತರು. "ಅಯ್ಯೋ ದೇವರೇ, ನನ್ನದು ಬಂದಿದೆಯಲ್ಲ! ಅಕ್ಕ, ಇನ್ನೊಂದು ಸಲ ಮಾಡ್ತೇನೆ. ಈಗಲೇ ಮಾಡ್ತೇನೆ." ಓಡಿಹೋದರು. ಐದು ನಿಮಿಷಕ್ಕೆ ವಾಪಸು ಬಂದರು, ಬರಿಗೈಯಲ್ಲಿ. ಕಂಪ್ಯೂಟರು ಶುರುವಾಗಲಿಲ್ಲ. ಆಮೇಲೆ ಯಾವತ್ತೂ ಆಗಲಿಲ್ಲ. ನಾನು ಮತ್ತೆ ಬೈಯುತ್ತೇನೆ ಎಂದು ಹೆದರಿ ಹೊಸ್ತಿಲಲ್ಲೇ ನಿಂತರು.

ಅಮ್ಮ ನೋಟ್‌ಬುಕ್ಕು ಎಳೆದುಕೊಂಡು ಬರೆದಳು. ತಿರುಗಿಸಿ ಅವರಿಗೇ ತೋರಿಸಿದಳು. "ಮಂಗಳಕ್ಕೆ ಜೊತೆಗೆ ಒಬ್ಬರಾದರೂ ಬೇಕಿತ್ತು ಅಣ್ಣ. ಹಾಗೇ ಇರಲಿ." ಮಾಮ ಅದನ್ನು ತುಂಬ ಹೊತ್ತು ಓದಿದರು. ಆಮೇಲೆ ನಮ್ಮ ಮನೆಯಲ್ಲಿ ಕುಳಿತು ಎರಡು ಲೋಟ ಚಾ ಕುಡಿದರು.

ಪಿಲ್ಲರಿನ ಬಿರುಕಿನ ವಿಷಯದಲ್ಲಿ ಮಾಮನ ಪೆನ್ಸಿಲೇ ಸರಿಯಿತ್ತು. ಕೆಲವು ವರ್ಷದಲ್ಲಿ ಬಿಲ್ಡಿಂಗು ಖಾಲಿ ಮಾಡಿಸಿದರು. ಅವರು ಟಿಟ್ವಾಳಾಕ್ಕೆ ಹೋದರು. ನಾನು ಮದುವೆಯಾಗಿ ಅಮ್ಮನನ್ನು ಕರೆದುಕೊಂಡು ಕೋಪರಖೈರಣೆಗೆ ಬಂದೆ. ಕ್ಷಮೆ ಕೇಳಬೇಕೆಂದು ಪ್ರತಿ ಸಲ ಟಿಟ್ವಾಳಾಕ್ಕೆ ಹೋದಾಗಲೂ ಅಂದುಕೊಳ್ಳುತ್ತಿದ್ದೆ. ಅವರು ಚಾ ಮಾಡುತ್ತ, ಗ್ಯಾಸಿನ ಗುಬ್ಬಿ ಮುಟ್ಟಿ ಮುಟ್ಟಿ ನೋಡುತ್ತ, ಕೇಳಲು ಬಿಡುವೇ ಕೊಡಲಿಲ್ಲ. ಕೇಳಲಿಲ್ಲ.

ಅವರು ಹೋದ ಸುದ್ದಿಯನ್ನು ಆ ಸಂಜೆ ಅಮ್ಮನಿಗೆ ಹೇಳಿದೆ. ಅವಳು ಬರೆದಳು: "ಮಂಗಳ ಹಾಕು." ಹಳೆಯ ಪ್ಲೇಯರ್ ಯಾವಾಗಲೋ ಕೆಟ್ಟಿತ್ತು, ಅದಕ್ಕೂ ಮೊದಲೇ ಮಂಗಳವನ್ನು ಪೆನ್‌ಡ್ರೈವಿಗೂ ಹಾಕಿಟ್ಟಿದ್ದೆ. ಪೆನ್‌ಡ್ರೈವಿನಲ್ಲಿದ್ದ ಫೈಲನ್ನು ನನ್ನ ಗಂಡ ಲ್ಯಾಪ್‌ಟಾಪಿಗೆ ಹಾಕಿದರು, ಫೋನಿಗೆ ಹೊಂದುವ ಹಾಗೆ ಬದಲಿಸಿ ಮಂಡಳಿಯ ಹೆಂಗಸರಿಗೂ ಕಳಿಸೋಣವೆಂದು. ಹುಬ್ಬಳ್ಳಿಯವರು, ಮಾಮನನ್ನು ಒಂದೆರಡು ಸಲ ಕಂಡವರು, ಅಷ್ಟೆ. ಹೆಡ್‌ಫೋನ್ ಹಾಕಿಕೊಂಡು ಕೇಳಿದರು.

"ಹಾಡು ಭಾಳ ಛಲೋ ಐತಿ. ಆದ್ರ ಹಿಂದ ಯಾರೋ ದಮ್ಮು ಬಿಟ್ಟಂಗ ಕೇಳಸ್ತದಲ್ಲ? ನಾಯ್ಸ್ ತಗಿಯೋ ಬಟನ್ ಐತಿ ಇದರಾಗ. ಒತ್ತಲೇನು?"

ಮೌಸಿನ ಬಾಣ ಆ ಗುಂಡಿಯ ಮೇಲೆ ನಿಂತಿತ್ತು. ಅವರ ಕೈ ಹಿಡಿದು ಎಳೆದುಬಿಟ್ಟೆ. ಪೆನ್‌ಡ್ರೈವಿನಲ್ಲಿ ಬೇರೆ ಪ್ರತಿ ಇದೆ, ಇಲ್ಲಿ ಒತ್ತಿದರೆ ಅದೇನೂ ಅಳಿಯುವುದಿಲ್ಲ ಎಂದು ಅವರು ಮೂರು ಸಲ ಹೇಳಿದರು. ನನಗೆ ಗೊತ್ತಿತ್ತು. ಆದರೂ ನಾನು ಅವರ ಕೈ ಬಿಡಲಿಲ್ಲ. "ಮುಟ್ಟಬೇಡಿ" ಎಂದೆ. "ಅದು ನಾಯ್ಸ್ ಅಲ್ಲ. ಅದು ಮಾಮ."

ಹೆಡ್‌ಫೋನ್ ತೆಗೆದು ಮೊದಲಿನಿಂದ ಹಾಕಿದೆವು. ಅಮ್ಮ ಪಕ್ಕದಲ್ಲಿ ಕುಳಿತಿದ್ದಳು. ಮಂಗಳದ ಕೊನೆಯ ಸ್ವರ ನಿಲ್ಲುತ್ತದೆ. ಅಲ್ಲಿಂದ ಮುಂದೆ ರೆಕಾರ್ಡಿಂಗ್ ಇನ್ನೂ ನಾಲ್ಕೈದು ಸೆಕೆಂಡು ಓಡುತ್ತದೆ, ಅದನ್ನು ನಾನು ಯಾವತ್ತೂ ಪೂರ್ತಿ ಕೇಳಿರಲಿಲ್ಲ. ಕುಕ್ಕರ್ ಇಲ್ಲ, ರೈಲಿಲ್ಲ, ಯಾರೂ ಬಾಗಿಲು ತಟ್ಟುತ್ತಿಲ್ಲ. ರಜಾಯಿಯ ಕತ್ತಲಲ್ಲಿ ಒಬ್ಬ ಮನುಷ್ಯ ಎಲ್ಲವೂ ಸರಿಯಾಗಿ ಬಂತು ಎಂದು ತಿಳಿದು, ಉದ್ದಕ್ಕೆ, ಅವಸರವಿಲ್ಲದೆ, ಉಸಿರು ಬಿಡುತ್ತಾನೆ. ಹೆದರಿಕೆಯಿಲ್ಲದ ಮಾಮನನ್ನು ನಾನು ಕೇಳಿದ್ದು ಅದೊಂದೇ ಸಲ.